ಪುಟ್ಟ 'ಬೆಂಗಾಲ್' ಜಪಾನಿನ ದೈತ್ಯ ಹಡಗನ್ನ ನಿಜವಾಗ್ಲೂ ಮುಳುಗಿಸ್ತಾ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ನಮ್ಮ ನೌಕಾಪಡೆಯ ಬೆಂಗಾಲ್ ಅನ್ನೋ ಚಿಕ್ಕ ಹಡಗು ಒಂದೇ ಒಂದು ಸಣ್ಣ ಫಿರಂಗಿ ಇಟ್ಕೊಂಡು ಜಪಾನಿನ ಎರಡು ದೊಡ್ಡ ಯುದ್ಧನೌಕೆಗಳ ಜೊತೆ ಹೋರಾಡಿ ಒಂದನ್ನ ಮುಳುಗಿಸ್ತು, ಇರುವೆ ಆನೇನ ಕೊಂದಂಗೆ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ನಿಜನಾ ಸರ್? ನಿಜ ಆದ್ರೆ ಅಷ್ಟು ಚಿಕ್ಕ ಗುಂಡಿಗೆ ಅಷ್ಟು ದೊಡ್ಡ ಹಡಗು ಹೇಗೆ ಮುಳುಗ್ತು? ಅದ್ರಲ್ಲಿ ಇದ್ದೋರು ಭಾರತೀಯರಾ ಬ್ರಿಟಿಷರಾ? ಆ ಹಡಗು ಈಗ ಎಲ್ಲಿದೆ?

ಉತ್ತರ: ಮುಕ್ಕಾಲು ಪಾಲು ನಿಜ. ಬೆಂಗಾಲ್ ಅನ್ನೋ ಹಡಗು ಇತ್ತು, ಎರಡು ಜಪಾನಿ ಹಡಗುಗಳ ಎದುರು ನಿಂತಿದ್ದೂ ನಿಜ, ಅದ್ರಲ್ಲಿ ಒಂದು ಅಲ್ಲೇ ಮುಳುಗಿದ್ದೂ ನಿಜ. ಆದ್ರೆ ಆ ಫಾರ್ವರ್ಡ್ ಮಾಡಿದೋರು ಯಾರೋ ಒಂದು ಇಡೀ ಹಡಗನ್ನೇ ಕಥೆಯಿಂದ ಕಿತ್ತು ಬಿಸಾಕಿದಾರೆ. ಆವತ್ತು ಬೆಂಗಾಲ್ ಜೊತೆ ಒಂಡಿನಾ ಅಂತ ಒಂದು ಡಚ್ ಆಯಿಲ್ ಟ್ಯಾಂಕರ್ ಇತ್ತು, ಅದ್ರ ಮೇಲೂ ಒಂದು ಫಿರಂಗಿ ಇತ್ತು, ಅದೂ ಬೆಂಗಾಲ್ ಫಿರಂಗಿಗಿಂತ ದೊಡ್ಡದು. ಅದನ್ನ ಬಿಟ್ಟು ಈ ಕಥೆ ಹೇಳಿದ್ರೆ ಅರ್ಧ ಕಥೆ ಆಗುತ್ತೆ, ಅಲ್ಲದೆ ಬೆಂಗಾಲ್ ಮಾಡಿದ ನಿಜವಾದ ಕೆಲಸ ಏನು ಅನ್ನೋದೂ ಕಣ್ಣಿಗೆ ಬೀಳಲ್ಲ. ಇನ್ನೊಂದು, ಆ ಜಪಾನಿ ಹಡಗುಗಳು 'ಯುದ್ಧನೌಕೆ'ಗಳಾಗಿ ಕಟ್ಟಿದ್ದಲ್ಲ, ಅದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೊದಲು ಹಡಗಿನ ಬಗ್ಗೆ. ಪೂರ್ತಿ ಹೆಸರು ಎಚ್‌ಎಂಐಎಸ್ ಬೆಂಗಾಲ್, ಎಚ್‌ಎಂಐಎಸ್ ಅಂದ್ರೆ 'ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್'. ಆಗ ಇದ್ದಿದ್ದು ರಾಯಲ್ ಇಂಡಿಯನ್ ನೇವಿ, 1934ರಲ್ಲಿ ಆ ಹೆಸರು ಬಂದಿದ್ದು, ಅದಕ್ಕೂ ಮುಂಚೆ ರಾಯಲ್ ಇಂಡಿಯನ್ ಮರೀನ್ ಅಂತಿದ್ರು. 1939ರಲ್ಲಿ ಯುದ್ಧ ಶುರು ಆದಾಗ ಈ ನೌಕಾಪಡೆ ಹತ್ರ ಬೆರಳೆಣಿಕೆಯಷ್ಟು ಹಡಗು, ಸಾವಿರಗಳ ಲೆಕ್ಕದಲ್ಲಿ ಒಂದೆರಡು ಬೆರಳು ಮಡಿಚಿದ್ರೆ ಮುಗಿಯೋಷ್ಟು ಜನ. ಬ್ರಿಟಿಷರ ಲೆಕ್ಕಾಚಾರ ಏನಿತ್ತು ಅಂದ್ರೆ ಸಮುದ್ರ ನೋಡ್ಕೊಳ್ಳೋಕೆ ರಾಯಲ್ ನೇವಿ ಇದೆಯಲ್ಲ, ಇಂಡಿಯಾಗೆ ಯಾಕೆ ದೊಡ್ಡ ನೇವಿ ಅಂತ. ಜಪಾನ್ ಯುದ್ಧಕ್ಕೆ ಬಂದ ಮೇಲೆ ಆ ಲೆಕ್ಕ ಎಲ್ಲ ಉಲ್ಟಾ ಹೊಡೀತು. 1942ರ ಏಪ್ರಿಲ್‌ನಲ್ಲಿ ಜಪಾನಿ ವಿಮಾನಗಳು 5ನೇ ತಾರೀಖು ಕೊಲಂಬೋ ಮೇಲೆ, 6ಕ್ಕೆ ವಿಶಾಖಪಟ್ಟಣ ಕಾಕಿನಾಡ ಮೇಲೆ, 9ಕ್ಕೆ ಟ್ರಿಂಕೋಮಲಿ ಮೇಲೆ ಬಾಂಬ್ ಹಾಕಿದ್ವು, ಅದೇ 6ನೇ ತಾರೀಖು ಬರ್ಮಾದ ಅಕ್ಯಾಬ್ ಹತ್ರ ನಮ್ಮ ನೇವಿಯ ಇಂಡಸ್ ಅನ್ನೋ ಸ್ಲೂಪ್ (ಒಂದು ಥರದ ಸಣ್ಣ ಯುದ್ಧನೌಕೆ) ಕೂಡ ಬಾಂಬ್ ಬಿದ್ದು ಮುಳುಗ್ತು. ಹಡಗು ಬೇಕು, ಬೇಗ ಬೇಕು, ಬ್ರಿಟನ್ನಿನ ಯಾರ್ಡ್‌ಗಳು ಪೂರ್ತಿ ಬಿಝಿ. (ನಮ್ಮ ಕಾವೇರಿ ಹೆಸರಿನ ಸ್ಲೂಪ್ ಒಂದು ಕೂಡ ಅಲ್ಲೇ ಸ್ಕಾಟ್ಲೆಂಡಲ್ಲಿ ತಯಾರಾಗ್ತಿತ್ತು, ಅದು ನೀರಿಗೆ ಇಳಿದಿದ್ದು 1943ಕ್ಕೆ.)

ಹಂಗಾಗಿ ಬೆಂಗಾಲ್ ತಯಾರಾಗಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಬಾಥರ್ಸ್ಟ್ ಕ್ಲಾಸ್ ಅಂತ ಒಂದು ಸಿಂಪಲ್ ಡಿಸೈನಿನ ಹಡಗನ್ನ ಬೇರೆ ಬೇರೆ ಯಾರ್ಡ್‌ಗಳಲ್ಲಿ ಒಂದರ ಹಿಂದೆ ಒಂದು ಕಟ್ತಿದ್ರು, ಒಟ್ಟು 60. ಕಾಗದದಲ್ಲಿ ಅವು ಮೈನ್‌ಸ್ವೀಪರ್, ಅಂದ್ರೆ ಸಮುದ್ರದಲ್ಲಿ ಹಾಕಿರೋ ಮೈನ್ ತೆಗೆಯೋವು, ಬಾಯಲ್ಲಿ ಎಲ್ರೂ ಕಾರ್ವೆಟ್ ಅಂತಿದ್ರು. ಆ 60ರಲ್ಲಿ ನಾಲ್ಕು ಇಂಡಿಯಾಗೆ: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಬೆಂಗಾಲ್ ಸಿಡ್ನಿಯ ಕಾಕಟೂ ಡಾಕ್‌ಯಾರ್ಡಲ್ಲಿ 1942ರ ಮೇ ತಿಂಗಳಲ್ಲಿ ನೀರಿಗೆ ಇಳೀತು, ಆಗಸ್ಟ್‌ನಲ್ಲಿ ಸೇವೆಗೆ ಸೇರ್ತು. ಕಾಕತಾಳೀಯ ಅಂದ್ರೆ ಬೆಂಗಾಲ್ ನೀರಿಗೆ ಇಳಿದ ಅದೇ ವಾರ, ಮೇ 31ರ ರಾತ್ರಿ, ಜಪಾನಿನ ಮಿಜೆಟ್ ಸಬ್‌ಮರೀನ್‌ಗಳು ಸಿಡ್ನಿ ಬಂದರಿನ ಒಳಗೇ ನುಗ್ಗಿದ್ವು, ಆ ರಾತ್ರಿ ಅದರ ಅಕ್ಕ ಬಾಂಬೆ ಅದೇ ಬಂದರಲ್ಲಿ ನಿಂತಿತ್ತು.

ಉದ್ದ 186 ಅಡಿ, ತೂಕ ಸುಮಾರು 650 ಟನ್, ಫುಲ್ ಸ್ಪೀಡಲ್ಲಿ ಹೋದ್ರೆ 15 ನಾಟ್, ಅಂದ್ರೆ ಗಂಟೆಗೆ 28 ಕಿಲೋಮೀಟರ್ ಆಸುಪಾಸು. ನಮ್ಮೂರ ಲೂನಾ ಸ್ಪೀಡು ಅನ್ಕೊಳ್ಳಿ. ಈ ಕ್ಲಾಸಿನ ಕೆಲವು ಹಡಗಿಗೆ 4 ಇಂಚಿನ ಫಿರಂಗಿ ಸಿಕ್ತಿತ್ತು, ಕೆಲವಕ್ಕೆ 12 ಪೌಂಡರ್, ಬೆಂಗಾಲ್ ಪಾಲಿಗೆ ಬಂದಿದ್ದು 12 ಪೌಂಡರ್. ಹೆಸರೇ ಹೇಳೋ ಹಾಗೆ ಅದ್ರ ಗುಂಡಿನ ತೂಕ ಸುಮಾರು 12 ಪೌಂಡು, ಐದೂವರೆ ಕೆ.ಜಿ. ಅದ್ರ ಜೊತೆಗೆ ವಿಮಾನ ಹೊಡಿಯೋಕೆ ಅಂತ ಕೆಲವು ಓರ್ಲಿಕಾನ್ ಗನ್‌ಗಳು. ಅಷ್ಟೇ ಅದ್ರ ಆಸ್ತಿ. ಸಬ್‌ಮರೀನ್ ಓಡಿಸೋಕೆ, ಮೈನ್ ತೆಗಿಯೋಕೆ ಸಾಕು. ದೊಡ್ಡ ಹಡಗಿನ ಜೊತೆ ಎದುರುಬದುರು ಗುಂಡಿನ ಕಾಳಗಕ್ಕೆ ಅದನ್ನ ಯಾರೂ ಕಟ್ಟಿರಲಿಲ್ಲ.

ಕ್ಯಾಪ್ಟನ್ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್, ರಾಯಲ್ ಇಂಡಿಯನ್ ನೇವಿ ರಿಸರ್ವ್ ಅಧಿಕಾರಿ. ಅಂದ್ರೆ ಜೀವಮಾನ ಇಡೀ ಯುದ್ಧನೌಕೆಯಲ್ಲೇ ಕಳೆದ ಮನುಷ್ಯ ಅಲ್ಲ, ರಿಸರ್ವ್‌ನಿಂದ ಯುದ್ಧಕ್ಕೆ ಬಂದವರು. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಹೇಳಿಬಿಡ್ತೀನಿ: ಆ ಕಾಲದ ಉಳಿದ ಹಡಗುಗಳ ಹಾಗೆ ಇದ್ರಲ್ಲೂ ಮೇಲಿನ ಅಧಿಕಾರಿಗಳು ಹೆಚ್ಚಾಗಿ ಬಿಳಿಯರು, ನಾವಿಕರು ಭಾರತೀಯರು. ಫಿರಂಗಿಗೆ ಗುಂಡು ತುಂಬಿದ್ದು, ಬಾಯ್ಲರ್ ಮುಂದೆ ಬೆಂದಿದ್ದು ಎಲ್ಲ ನಮ್ಮೋರೇ. ಆ ಕಾಲದಲ್ಲಿ ನೇವಿಗೆ ಕೊಂಕಣದ ರತ್ನಗಿರಿ ಕಡೆಯ ಮುಸಲ್ಮಾನರು, ಪಂಜಾಬಿನೋರು ತುಂಬಾ ಸೇರ್ತಿದ್ರು, ಯುದ್ಧ ಜೋರಾದ ಮೇಲೆ ದಕ್ಷಿಣದೋರನ್ನೂ ಜಾಸ್ತಿ ತಗೊಂಡ್ರು. ಹಡಗು ಸೇವೆಗೆ ಬಂದು ಮೂರು ತಿಂಗಳು, ಇದು ಅವರ ಮೊದಲ ದೊಡ್ಡ ಪ್ರಯಾಣ, ಮನೆ ಕಡೆಗೆ.

1942ರ ನವೆಂಬರ್ 5ಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಹೊರಟ್ರು. ಜೊತೆಗೆ ಒಂಡಿನಾ, ಆರು ಸಾವಿರ ಟನ್ ದಾಟಿದ ಟ್ಯಾಂಕರ್, ಕ್ಯಾಪ್ಟನ್ ವಿಲ್ಲೆಮ್ ಹೋರ್ಸ್‌ಮನ್. ಅದು ಎಣ್ಣೆ ತುಂಬ್ಕೊಳ್ಳೋಕೆ ಇರಾನಿನ ಅಬಾದಾನ್‌ಗೆ ಹೋಗ್ತಿತ್ತು, ಸೋ ಟ್ಯಾಂಕೆಲ್ಲ ಖಾಲಿ. ಈ ಖಾಲಿ ಅನ್ನೋದನ್ನ ನೆನಪಿಟ್ಕೊಳ್ಳಿ. ಒಂಡಿನಾ ಹಿಂಭಾಗದಲ್ಲಿ ಒಂದು 4 ಇಂಚಿನ ಫಿರಂಗಿ, ಮೂವತ್ತು ಚಿಲ್ಲರೆ ಗುಂಡು. ಅದನ್ನ ನಡೆಸೋಕೆ ಆಸ್ಟ್ರೇಲಿಯನ್, ಬ್ರಿಟಿಷ್, ಡಚ್ಚರು ಸೇರಿದ ಒಂದು ಮಿಕ್ಸ್ ತಂಡ, ಗುರಿ ಇಡೋ ಕೆಲಸ ಹ್ಯಾಮಂಡ್ ಅನ್ನೋ ಆಸ್ಟ್ರೇಲಿಯನ್ ನಾವಿಕನದ್ದು. ಎರಡೂ ಹಡಗು ಹಿಂದೂ ಮಹಾಸಾಗರದ ನಡುವೆ ಇರೋ ಡಿಯೆಗೋ ಗಾರ್ಸಿಯಾ ಕಡೆ ಹೊರಟಿದ್ವು.

ನವೆಂಬರ್ 11, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಕೋಕೋಸ್ ದ್ವೀಪಗಳಿಂದ ನೈಋತ್ಯಕ್ಕೆ ತುಂಬಾ ದೂರ, ಸುತ್ತ ಎಲ್ಲೂ ನೆಲ ಇಲ್ಲ. ಒಂದು ದೊಡ್ಡ ಹಡಗು ಕಾಣಿಸ್ತು, ಅದ್ರ ಹಿಂದೆ ಇನ್ನೊಂದು. ಹೊಕೊಕು ಮಾರು ಮತ್ತು ಐಕೊಕು ಮಾರು. ಇವುಗಳ ಕಥೆ ಹೇಳ್ಲೇಬೇಕು. ಇವು ಒಸಾಕಾದ ಶಿಪ್ಪಿಂಗ್ ಕಂಪನಿಗೆ ಅಂತ ಕಟ್ಟಿದ ಪ್ಯಾಸೆಂಜರ್ ಮತ್ತು ಸರಕು ಹಡಗುಗಳು, ಒಂದೊಂದೂ ಹತ್ತು ಸಾವಿರ ಟನ್ ಮೇಲೆ, ಸ್ಪೀಡು 20 ನಾಟ್ ದಾಟ್ತಿತ್ತು. ಜಪಾನ್ ನೌಕಾಪಡೆ ಇವನ್ನ ತಗೊಂಡು ಎಂಟೆಂಟು 140 ಮಿ.ಮೀ. ಫಿರಂಗಿ, ಟಾರ್ಪಿಡೋ (ನೀರೊಳಗೆ ಓಡಿ ಹಡಗಿಗೆ ಬಡಿಯೋ ಬಾಂಬ್) ಬಿಡೋ ಟ್ಯೂಬ್‌ಗಳು, ನೀರಿನ ಮೇಲೆ ಇಳಿಯೋ ವಿಮಾನ ಎಲ್ಲ ಹಾಕಿ ರೇಡರ್, ಅಂದ್ರೆ ದಾಳಿ ಹಡಗು ಮಾಡ್ಕೊಂಡಿತ್ತು. ಕೆಲಸ ಏನಂದ್ರೆ ಒಂಟಿಯಾಗಿ ಹೋಗೋ ವ್ಯಾಪಾರಿ ಹಡಗುಗಳನ್ನ ಹಿಡಿಯೋದು ಅಥವಾ ಮುಳುಗಿಸೋದು, ಜೊತೆಗೆ ದೂರ ಹೋದ ತಮ್ಮ ಸಬ್‌ಮರೀನ್‌ಗಳಿಗೆ ಎಣ್ಣೆ ಸಾಮಾನು ಕೊಡೋದು. ಆ ವರ್ಷನೇ ಮೇನಲ್ಲಿ ಜೆನೋಟಾ ಅನ್ನೋ ಡಚ್ ಟ್ಯಾಂಕರನ್ನ ಹಿಡಿದಿದ್ರು, ಜೂನ್‌ನಲ್ಲಿ ಎಲಿಸಿಯಾ ಅನ್ನೋ ಬ್ರಿಟಿಷ್ ಹಡಗಿನ ಮೇಲೆ ಬಿದ್ದಿದ್ರು, ಜುಲೈನಲ್ಲಿ ನ್ಯೂಜಿಲ್ಯಾಂಡಿನ ಹೌರಾಕಿಯನ್ನ ಹಾಗ್‌ಹಾಗೇ ಜಪಾನ್ ಕಡೆ ಕರ್ಕೊಂಡು ಹೋಗಿದ್ರು. ಅಲ್ಲೀ ತನಕ ಯಾರೂ ತಿರುಗಿ ಬಿದ್ದು ಇವರಿಗೆ ಗಾಯ ಮಾಡಿರಲಿಲ್ಲ.

ಈಗ ವಿಲ್ಸನ್ ಜಾಗದಲ್ಲಿ ನಿಂತು ನೋಡಿ. ಓಡಿಹೋಗೋ ಹಾಗಿಲ್ಲ, ಶತ್ರು ನಿಮಗಿಂತ ಐದಾರು ನಾಟ್ ಫಾಸ್ಟ್, ಟ್ಯಾಂಕರ್ ಅಂತೂ ನಿಮಗಿಂತ ನಿಧಾನ. ಅವರ ಒಂದೊಂದು ಗುಂಡು 38 ಕೆ.ಜಿ., ನಿಮ್ಮದು ಐದೂವರೆ. ಸಹಾಯಕ್ಕೆ ಬರೋಕೆ ಸುತ್ತ ನೂರಾರು ಕಿಲೋಮೀಟರ್ ಯಾರೂ ಇಲ್ಲ. ಆತ ಮಾಡಿದ್ದು ಏನು ಅಂದ್ರೆ ಒಂಡಿನಾಗೆ ನೀನು ತಪ್ಪಿಸ್ಕೋ, ಆಮೇಲೆ ಇಂಥ ಕಡೆ ಸಿಗು ಅಂತ ಸಿಗ್ನಲ್ ಕೊಟ್ಟು ತನ್ನ ಹಡಗಿನ ಮೂತಿಯನ್ನ ಸೀದಾ ಹೊಕೊಕು ಮಾರು ಕಡೆ ತಿರುಗಿಸಿಬಿಟ್ಟ. ನಾನು ಆಗ್ಲೇ ಬೆಂಗಾಲ್ ಮಾಡಿದ ನಿಜವಾದ ಕೆಲಸ ಅಂದ್ನಲ್ಲ, ಅದು ಇದು. ಮುಳುಗಿಸೋಕೆ ಹೋಗಿದ್ದಲ್ಲ, ಮುಳುಗಿಸಬಹುದು ಅಂತ ಆ ಹಡಗಲ್ಲಿ ಯಾರಾದ್ರೂ ಅಂದ್ಕೊಂಡಿದ್ರು ಅಂತ ನನಗೆ ಅನ್ಸಲ್ಲ. ಟ್ಯಾಂಕರಿಗೆ ಟೈಮ್ ಸಿಗ್ಲಿ ಅಂತ ಹೋಗಿದ್ದು. ಎಸ್ಕಾರ್ಟ್, ಅಂದ್ರೆ ಬೇರೆ ಹಡಗಿಗೆ ಕಾವಲಾಗಿ ಹೋಗೋ ಹಡಗಿನ ಡ್ಯೂಟಿ ಅಂದ್ರೆ ಅದೇ, ಆದ್ರೆ ಡ್ಯೂಟಿ ಅಂತ ಪುಸ್ತಕದಲ್ಲಿ ಬರ್ದಿರೋದನ್ನ ಹದಿನಾರು ಫಿರಂಗಿ ಕಡೆ ಮುಖ ಮಾಡ್ಕೊಂಡು ಮಾಡೋದು ಬೇರೆ ವಿಷಯ.

ಒಂಡಿನಾ ಓಡಿಹೋಗ್ಲಿಲ್ಲ. ಹೋರ್ಸ್‌ಮನ್ ಲೆಕ್ಕಾಚಾರನೂ ಸರಿ ಇತ್ತು, ಇಪ್ಪತ್ತು ನಾಟ್ ಹಡಗಿನಿಂದ ಹನ್ನೆರಡು ನಾಟ್ ಹಡಗು ಎಲ್ಲಿಗೆ ಓಡುತ್ತೆ, ಹೊಡೆದಾಡೋದೇ ವಾಸಿ ಅಂತ ಅದೂ ಗುಂಡು ಹಾರಿಸೋಕೆ ಶುರು ಮಾಡ್ತು. ಹೊಕೊಕು ಮಾರು ಮೂರು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಬಂದು ಗುಂಡು ಹಾರಿಸ್ತಿತ್ತು. ಇದು ನನ್ನ ಪ್ರಕಾರ ಅವರ ಕ್ಯಾಪ್ಟನ್ ಇಮಾಝಾಟೋ ಮಾಡಿದ ದೊಡ್ಡ ಎಡವಟ್ಟು. ಅವರ ಫಿರಂಗಿಗಳಿಗೆ ಹತ್ತು ಕಿಲೋಮೀಟರ್‌ಗೂ ಜಾಸ್ತಿ ದೂರದಿಂದ ಹೊಡಿಯೋ ಶಕ್ತಿ ಇತ್ತು, ಆರಾಮಾಗಿ ದೂರ ನಿಂತು ಇಬ್ಬರನ್ನೂ ಮುಗಿಸಬಹುದಿತ್ತು, ಇವರ ಚಿಕ್ಕ ಫಿರಂಗಿಗಳಿಗೆ ಅಲ್ಲಿ ಏನೂ ಮಾಡೋಕೆ ಆಗ್ತಿರಲಿಲ್ಲ. ಜೆನೋಟಾ, ಹೌರಾಕಿ ಸುಲಭಕ್ಕೆ ಕೈಗೆ ಸಿಕ್ಕಿದ್ದು ತಲೆಗೆ ಏರಿತ್ತೋ ಏನೋ, ಖಾಲಿ ಟ್ಯಾಂಕರ್ ಆದ್ರೂ ಜೀವಂತ ಹಿಡಿದ್ರೆ ಜಪಾನಿಗೆ ಬಂಗಾರ ತಾನೇ.

ಆಮೇಲೆ ಒಂದು ಗುಂಡು ಹೋಗಿ ಹೊಕೊಕು ಮಾರುವಿನ ಬಲಗಡೆಯ ಟಾರ್ಪಿಡೋ ಟ್ಯೂಬಿಗೆ ಬಡೀತು. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ. ಐದೂವರೆ ಕೆ.ಜಿ. ಗುಂಡಾಗ್ಲಿ, ಹದಿನಾಲ್ಕು ಕೆ.ಜಿ. ಗುಂಡಾಗ್ಲಿ, ಹತ್ತು ಸಾವಿರ ಟನ್ ಹಡಗನ್ನ ಮುಳುಗಿಸಲ್ಲ. ಡೆಕ್ ಮೇಲೆ ಬಾಯಿ ತೆರ್ಕೊಂಡು ಕೂತಿದ್ದ ಟಾರ್ಪಿಡೋ ಸಿಡಿದು, ಬೆಂಕಿ ಹತ್ತಿ, ಆ ಬೆಂಕಿ ಹಿಂಭಾಗದ ಮದ್ದುಗುಂಡಿನ ಕೋಣೆಗೆ ಇಳಿದು, ಆಮೇಲೆ ದೊಡ್ಡ ಸ್ಫೋಟ. ಒಂದು ಅಸಲಿ ಕ್ರೂಸರ್ ಆಗಿದ್ರೆ ಮಧ್ಯದಲ್ಲಿ ಉಕ್ಕಿನ ಕವಚ ಇರುತ್ತೆ, ಮದ್ದಿನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ ಭದ್ರವಾಗಿ ಇರುತ್ತೆ, ಬೆಂಕಿ ಬಂದ್ರೆ ನೀರು ತುಂಬಿಸೋ ವ್ಯವಸ್ಥೆ ಇರುತ್ತೆ. ಪ್ಯಾಸೆಂಜರ್ ಹಡಗಿಗೆ ಫಿರಂಗಿ ಕೂರಿಸ್ಬಹುದು, ಕವಚ ಕೂರಿಸೋದು ಅಷ್ಟು ಸುಲಭ ಅಲ್ಲ, ಒಳಗಡೆಯ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಬೆಂಕಿ ತಡಿಯೋ ಗೋಡೆಗಳೂ ಕಡಿಮೆ. ರೇಡರ್ ಹಡಗಿನ ಗತ್ತು ಪೂರ್ತಿ ಎದುರಿನೋರು ಹೊಡಿಯೋದಿಲ್ಲ ಅನ್ನೋದ್ರ ಮೇಲೆ ನಿಂತಿರುತ್ತೆ. ಹೊಕೊಕು ಮಾರು ಮುಳುಗ್ತು, ಇಮಾಝಾಟೋ ಸೇರಿ 76 ಜನ ಹೋದ್ರು, 350ರ ಆಸುಪಾಸು ಜನ ಇದ್ದ ಹಡಗಲ್ಲಿ.

ಆ ಗುಂಡು ಯಾರದ್ದು? ಇದ್ರ ಬಗ್ಗೆ ಜಗಳ ಆವತ್ತಿಂದಾನೂ ಇದೆ. ಬೆಂಗಾಲ್‌ನೋರು ನಮ್ದು ಅಂದ್ರು, ಒಂಡಿನಾದೋರು ನಮ್ದು ಅಂದ್ರು, ಎರಡೂ ಹಡಗು ಒಂದೇ ಟೈಮಿಗೆ ಒಂದೇ ಗುರಿಗೆ ಹೊಡೀತಿದ್ವು, ಹೊಗೆಯಲ್ಲಿ ಯಾವ ಗುಂಡು ಯಾರದ್ದು ಅಂತ ಹೇಳೋಕೆ ಗುಂಡಿನ ಮೇಲೆ ಹೆಸರೇನೂ ಬರೆದಿರಲ್ಲ. ಯುದ್ಧಕಾಲದ ಭಾರತದ ಪ್ರಚಾರದಲ್ಲಿ ಶ್ರೇಯ ಬೆಂಗಾಲ್‌ಗೆ ಹೋಯ್ತು, ಈಗಿನ ಇತಿಹಾಸಕಾರರಲ್ಲಿ ಹೆಚ್ಚಿನೋರು ಒಂಡಿನಾ ಅಂತಾರೆ. ನನ್ನ ಒಲವೂ ಒಂಡಿನಾ ಕಡೆಗೇ, 4 ಇಂಚಿನ ಫಿರಂಗಿಗೆ ಆ ದೂರದಲ್ಲಿ ಗುರಿ ಮುಟ್ಟೋ ಸಾಧ್ಯತೆ ಜಾಸ್ತಿ, ಹ್ಯಾಮಂಡ್ ತಂಡದ ಮೊದಮೊದಲ ಗುಂಡುಗಳೇ ಹೊಕೊಕು ಮಾರುಗೆ ತಗಲ್ತಿದ್ವು. ಆದ್ರೆ ಇದ್ರಿಂದ ಬೆಂಗಾಲ್ ಮರ್ಯಾದೆ ಒಂದು ಕೂದಲೂ ಕಮ್ಮಿ ಆಗಲ್ಲ. ಬೆಂಗಾಲ್ ಮೇಲೆ ಬಿದ್ದು ಬರ್ತಿದ್ದಿದ್ದಕ್ಕೆ ತಾನೇ ಶತ್ರುವಿನ ಗಮನ ಎರಡು ಕಡೆ ಹಂಚಿ ಹೋಗಿದ್ದು, ಒಂಡಿನಾ ಗನ್ನರ್‌ಗಳಿಗೆ ಗುರಿ ಹಿಡಿಯೋಕೆ ನಿಮಿಷಗಳು ಸಿಕ್ಕಿದ್ದು. ಅದನ್ನ ಮರೆಸಿ 'ನಮ್ಮೋರೇ ಮುಳುಗಿಸಿದ್ರು' ಅಂತ ಬಡ್ಕೊಳ್ಳೋದು ಇಬ್ಬರಿಗೂ ಮಾಡೋ ಅನ್ಯಾಯ.

ಆಮೇಲೆ ಐಕೊಕು ಮಾರು ಜೊತೆ ಕಾಳಗ ಮುಂದುವರೀತು. ಬೆಂಗಾಲ್‌ಗೆ ಗುಂಡು ತಗಲ್ತು, ಹಿಂಭಾಗದಲ್ಲಿ ಹಾನಿ ಆಯ್ತು, ಆದ್ರೆ ಒಬ್ಬನೇ ಒಬ್ಬ ಸಾಯಲಿಲ್ಲ. ಎಂಬತ್ತು ಚಿಲ್ಲರೆ ಜನ ತುಂಬಿದ್ದ ಆ ಸಣ್ಣ ಡಬ್ಬಿಯಲ್ಲಿ ಅದು ಹೇಗಾಯ್ತೋ, ಚಿಕ್ಕ ಹಡಗು, ಹೊಡಿಯೋಕೂ ಚಿಕ್ಕ ಗುರಿ, ಅದೂ ಒಂದು ಕಾರಣ ಇರಬೇಕು. ಮದ್ದುಗುಂಡು ಮುಗೀತಾ ಬಂತು, ವಿಲ್ಸನ್ ಹೊಗೆ ಪರದೆ ಹಾಕಿ ದೂರ ಸರಿದ್ರು. ಅಷ್ಟೊತ್ತಿಗೆ ಒಂಡಿನಾಗೆ ಗುಂಡು ಬೀಳ್ತಿರೋದು ಕಾಣಿಸಿತ್ತು, ಅದ್ರ ಕಥೆ ಮುಗೀತು ಅಂತ್ಲೇ ಅಂದ್ಕೊಂಡ್ರು. ನವೆಂಬರ್ 17ಕ್ಕೆ ಬೆಂಗಾಲ್ ಡಿಯೆಗೋ ಗಾರ್ಸಿಯಾ ಮುಟ್ತು.

ಒಂಡಿನಾ ಮುಗಿದಿರಲಿಲ್ಲ, ಆದ್ರೆ ಅನುಭವಿಸಿದ್ದು ಮಾತ್ರ ಹೇಳತೀರದ್ದು. ಅದ್ರ ಗುಂಡೂ ಖಾಲಿ ಆದ ಮೇಲೆ ಹೋರ್ಸ್‌ಮನ್ ಹಡಗು ಬಿಡಿ ಅಂತ ಆರ್ಡರ್ ಕೊಟ್ರು, ಕೊಟ್ಟ ಸ್ವಲ್ಪ ಹೊತ್ತಿಗೇ ಬ್ರಿಜ್ ಹತ್ರ ಬಿದ್ದ ಗುಂಡಿನ ಚೂರಿಗೆ ಸತ್ತುಹೋದ್ರು. ಐಕೊಕು ಮಾರು ಹತ್ರ ಬಂದು ಖಾಲಿ ಆದ ಹಡಗಿಗೆ ಎರಡು ಟಾರ್ಪಿಡೋ ಹೊಡೀತು. ಎರಡೂ ತಗಲಿದ್ವು. ಹಡಗು ಒಂದು ಪಕ್ಕಕ್ಕೆ ಜೋರಾಗಿ ವಾಲ್ತು, ಆದ್ರೆ ಮುಳುಗ್ಲಿಲ್ಲ, ಯಾಕೆ ಅಂದ್ರೆ ಆ ಖಾಲಿ ಟ್ಯಾಂಕುಗಳು. ಎಣ್ಣೆ ತುಂಬಿದ್ರೆ ಉರಿದು ಬೂದಿ ಆಗ್ತಿತ್ತು, ಖಾಲಿ ಇದ್ದಿದ್ದಕ್ಕೆ ಒಳಗಿನ ಗಾಳಿನೇ ಅದನ್ನ ತೇಲಿಸ್ತು. ಆಮೇಲೆ ಜಪಾನಿಗಳು ಮಾಡಿದ್ದು ಯುದ್ಧ ಅಲ್ಲ, ಲೈಫ್‌ಬೋಟ್‌ಗಳಲ್ಲಿ ಕೂತಿದ್ದ ನಿರಾಯುಧ ಜನರ ಮೇಲೆ ಮಷಿನ್‌ಗನ್ ತಿರುಗಿಸಿದ್ರು, ಅಲ್ಲೂ ಜನ ಸತ್ರು. ಆಮೇಲೆ ನೀರಲ್ಲಿದ್ದ ಹೊಕೊಕು ಮಾರು ಜನರನ್ನ ಎತ್ಕೊಂಡು, ಒಂಡಿನಾಗೆ ಇನ್ನೊಂದು ಟಾರ್ಪಿಡೋ ಬಿಟ್ಟು, ಅದು ಗುರಿ ತಪ್ಪಿದ್ರೂ ಹಡಗು ಹೆಂಗೂ ಮುಳುಗುತ್ತೆ ಅಂತ ಹೊರಟುಹೋದ್ರು. ಅವರು ಹೋದ ಮೇಲೆ ಫಸ್ಟ್ ಆಫೀಸರ್ ರೆಹ್ವಿಂಕೆಲ್ ಬೋಟುಗಳಿಂದ ಜನರನ್ನ ವಾಪಸ್ ಹಡಗಿಗೆ ಹತ್ತಿಸಿ, ಬೆಂಕಿ ಆರಿಸಿ, ವಾಲಿದ್ದನ್ನ ಸರಿ ಮಾಡಿ, ಇಂಜಿನ್ ಮತ್ತೆ ಶುರು ಮಾಡಿ, ಬಂದ ದಾರಿಯಲ್ಲೇ ತಿರುಗಿ ನವೆಂಬರ್ 18ಕ್ಕೆ ಫ್ರೀಮ್ಯಾಂಟಲ್ ಸೇರಿದ್ರು. ಈ ಇಡೀ ಪ್ರಸಂಗದಲ್ಲಿ ನನಗೆ ತುಂಬಾ ಇಷ್ಟ ಆಗೋ ಭಾಗ ಬೆಂಗಾಲ್‌ದಲ್ಲ, ಇದು. ಎರಡು ಟಾರ್ಪಿಡೋ ತೂತು ಇಟ್ಕೊಂಡು ಒಂದು ವಾರ ಸಮುದ್ರ ದಾಟೋದು ಅಂದ್ರೆ ತಮಾಷೆನಾ.

ವಿಲ್ಸನ್‌ಗೆ ಬ್ರಿಟಿಷರ ಶೌರ್ಯ ಪದಕ ಡಿಎಸ್‌ಒ ಬಂತು, ನಾವಿಕರಲ್ಲೂ ಪದಕ ಪಡೆದೋರು ಇದಾರೆ, ಹೋರ್ಸ್‌ಮನ್‌ಗೆ ನೆದರ್ಲೆಂಡ್ಸ್ ಮರಣೋತ್ತರವಾಗಿ ತನ್ನ ಅತ್ಯುನ್ನತ ಸೈನಿಕ ಗೌರವ ಕೊಡ್ತು. ಪದಕಕ್ಕಿಂತ ದೊಡ್ಡ ಪರಿಣಾಮ ಬೇರೆ ಇದೆ: ಐಕೊಕು ಮಾರು ವಾಪಸ್ ಸಿಂಗಾಪುರಕ್ಕೆ ಹೋಯ್ತು, ಅಲ್ಲಿಂದ ಮುಂದೆ ಅದ್ರ ಬಾಳು ಸೈನಿಕರನ್ನ ಸಾಮಾನನ್ನ ಸಾಗಿಸೋದ್ರಲ್ಲೇ ಕಳೀತು. ಇಂಥ ದೊಡ್ಡ ಪ್ಯಾಸೆಂಜರ್ ಹಡಗುಗಳನ್ನ ಜೋಡಿಯಾಗಿ ಹಿಂದೂ ಮಹಾಸಾಗರಕ್ಕೆ ಬೇಟೆಗೆ ಬಿಡೋ ಆಟ ಅಲ್ಲಿಗೆ ಹೆಚ್ಚುಕಮ್ಮಿ ಮುಗೀತು, ಜಪಾನಿನ ಸಬ್‌ಮರೀನ್‌ಗಳ ಕಾಟ ಮಾತ್ರ ಮುಂದುವರೀತು. 1944ರ ಫೆಬ್ರವರಿ 17ಕ್ಕೆ ಪೆಸಿಫಿಕ್‌ನ ಟ್ರಕ್ ದ್ವೀಪಗಳಲ್ಲಿ ಅಮೆರಿಕದ ವಿಮಾನಗಳು ಐಕೊಕು ಮಾರುವನ್ನ ಹೊಡೆದ್ವು, ಅದ್ರಲ್ಲಿದ್ದ ಮದ್ದುಗುಂಡು ಸಿಡಿದು ಹಡಗಿನ ಮುಂಭಾಗ ಹೇಳಹೆಸರಿಲ್ಲದಂಗೆ ಹೋಯ್ತು, ದಾಳಿ ಮಾಡಿದ ವಿಮಾನವೂ ಆ ಸ್ಫೋಟಕ್ಕೆ ಸಿಕ್ಕಿ ಬಿತ್ತು. ಎರಡೂ ಹಡಗಿನ ಸಾವು ಒಂದೇ ಥರ, ಹೊಟ್ಟೇಲಿ ಇಟ್ಕೊಂಡಿದ್ದೇ ಮುಳುವಾಯ್ತು.

ಬೆಂಗಾಲ್ ರಿಪೇರಿ ಆಗಿ ಮತ್ತೆ ಎಸ್ಕಾರ್ಟ್ ಡ್ಯೂಟಿಗೆ ಹೋಯ್ತು, ಉಳಿದ ಯುದ್ಧಕಾಲ ಪೂರ್ತಿ ಅದೇ ಬೋರ್ ಹೊಡಿಸೋ ಆದ್ರೆ ಅಗತ್ಯವಾದ ಕೆಲಸ. ಇಲ್ಲೊಂದು ಮಾತು ಸೇರಿಸ್ಲೇಬೇಕು, ಫಾರ್ವರ್ಡ್‌ಗಳಲ್ಲಿ ಇದು ಬರಲ್ಲ. ಇಂಥ ಕಾಳಗಗಳನ್ನ ಪೋಸ್ಟರ್ ಮಾಡಿ ಹುಡುಗರನ್ನ ನೇವಿಗೆ ಸೇರಿಸ್ಕೊಂಡ ಅದೇ ಸರ್ಕಾರ ಅವರಿಗೆ ಕೊಟ್ಟ ಊಟ, ಸಂಬಳ, ಮಾತಾಡಿಸಿದ ರೀತಿ ಹೇಗಿತ್ತು ಅಂದ್ರೆ 1946ರ ಫೆಬ್ರವರಿ 18ಕ್ಕೆ ಬಾಂಬೆಯ ತಲ್ವಾರ್ ಅನ್ನೋ ತರಬೇತಿ ಕೇಂದ್ರದಲ್ಲಿ ನಾವಿಕರು ಊಟ ಬೇಡ ಅಂತ ಕೂತ್ರು, ಅದು ಕರಾಚಿ ತನಕ, ಹತ್ತಾರು ಹಡಗು ಸಾವಿರಾರು ನಾವಿಕರ ತನಕ ಹಬ್ಬಿದ ಬಂಡಾಯ ಆಯ್ತು. ಬೆಂಗಾಲ್ ಕಥೆ ಹೇಳಿ ಅದನ್ನ ಬಿಟ್ರೆ ಆ ನೇವಿಯ ಬಗ್ಗೆ ಪೂರ್ತಿ ಹೇಳಿದಂಗೆ ಆಗಲ್ಲ.

ಕೊನೇ ಪ್ರಶ್ನೆ. ಸ್ವಾತಂತ್ರ್ಯದ ನಂತರ ಹಡಗು ಐಎನ್ಎಸ್ ಬೆಂಗಾಲ್ ಆಗಿ ಭಾರತದ ನೌಕಾಪಡೆಯಲ್ಲೇ ಉಳೀತು, 1960ರಲ್ಲಿ ಗುಜರಿಗೆ ಹೋಯ್ತು, ಮ್ಯೂಸಿಯಂ ಮಾಡೋ ಯೋಚನೆ ಯಾರಿಗೂ ಬರ್ಲಿಲ್ಲ. ಆದ್ರೆ ಅದೇ ಕ್ಲಾಸಿನ ಎರಡು ಹಡಗು ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಇವೆ: ಮೆಲ್ಬರ್ನ್‌ನ ವಿಲಿಯಮ್ಸ್‌ಟೌನ್‌ನಲ್ಲಿ ನೀರಲ್ಲೇ ನಿಂತಿರೋ ಕ್ಯಾಸಲ್‌ಮೇನ್, ದಕ್ಷಿಣ ಆಸ್ಟ್ರೇಲಿಯಾದ ವೈಯಾಲಾ ಊರಲ್ಲಿ ಅದೇ ಹೆಸರಿನ ಇನ್ನೊಂದು, ಅದನ್ನ ನೆಲದ ಮೇಲೆ ತಂದು ನಿಲ್ಸಿದಾರೆ. ಮೆಲ್ಬರ್ನ್‌ನಲ್ಲಿ ನಮ್ಮ ಕನ್ನಡದೋರು ಸಾಕಷ್ಟು ಜನ ಇದೀರ, ಬಿಡುವಿದ್ದಾಗ ಮಕ್ಕಳನ್ನ ಕರ್ಕೊಂಡು ಕ್ಯಾಸಲ್‌ಮೇನ್ ಹತ್ತಿ ಬನ್ನಿ. ಮುಂದಿರೋ ಫಿರಂಗಿ ಪಕ್ಕ ನಿಂತು ನೋಡಿದ್ರೆ ಡೆಕ್ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತೆ, ಆದ್ರೆ ಅದ್ರ ಫಿರಂಗಿ 4 ಇಂಚಿಂದು, ಬೆಂಗಾಲ್‌ದು ಅದಕ್ಕಿಂತಲೂ ಚಿಕ್ಕದು.